ಬಾಣದ ತುದಿಯ ಕೆಳಗಿನ ಹಲ್ಲು

ನಗರದ ದೊಡ್ಡ ಬೋಧನಾ ಆಸ್ಪತ್ರೆಯ ಚಿತ್ರಸಂಗ್ರಹ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ದಯವಿಟ್ಟು ನಮಗೆ ಇಷ್ಟೊಂದು ಗೌರವ ತೋರಿಸಬೇಡಿ. ನಮ್ಮ ಪೇಟೆಯ ದಂತವೈದ್ಯರ ಕಾಯುವ ಕೋಣೆಯಲ್ಲಿರುವ ನಿಮ್ಮ ಚಿತ್ರಫಲಕವನ್ನು ಈ ತಿಂಗಳ ಕೊನೆಯೊಳಗೆ ಇಳಿಸಿ, ಅದರ ಜಾಗದಲ್ಲಿ ಕೈಯಿಂದ ಬಿಡಿಸಿದ ಚಿತ್ರವೊಂದನ್ನು ಹಾಕಿಸುವುದಾಗಿ ನೀವು ನನಗೆ ಬರೆದಿದ್ದೀರಿ. ‘ತಮ್ಮ ಅಮಿಶ್ ಸಮುದಾಯದ ಭಾವನೆಗಳಿಗೆ ಧಕ್ಕೆಯಾಗಿದ್ದಲ್ಲಿ ತೀವ್ರವಾಗಿ ವಿಷಾದಿಸುತ್ತೇವೆ’ ಎಂದೂ ಸೇರಿಸಿದ್ದೀರಿ. ನಮ್ಮ ಭಾವನೆಗಳಿಗೆ ಯಾವ ಧಕ್ಕೆಯೂ ಆಗಿರಲಿಲ್ಲ. ಆದದ್ದು ನಿಮ್ಮ ವಿಷಾದ ಬಂದ ಮೇಲೆ. ನಾನು ಕೇಳಿದ್ದು ಒಂದೇ ಪ್ರಶ್ನೆ, ಆ ಚಿತ್ರದಲ್ಲಿರುವ ಬಾಯಿ ಯಾರದು ಎಂದು. ಕೇಳದೆ ಇದ್ದದ್ದನ್ನು ಧಾರಾಳವಾಗಿ ಕೊಟ್ಟಿರಿ, ಕೇಳಿದ್ದನ್ನು ಕೊಡಲಿಲ್ಲ. ಉಪ್ಪು ಕೊಳ್ಳಲು ಹೋದವಳ ಎದುರಿಗೆ ಅಂಗಡಿಯ ಬಾಗಿಲನ್ನೇ ಹಾಕಿ, ತೊಂದರೆಗಾಗಿ ಕ್ಷಮಿಸಿ ಎಂದಂತಾಯಿತು.

ನಿಮ್ಮ ಕಚೇರಿಗೆ ಕೈಬರಹದಲ್ಲಿ ಬರೆದರೆ ಅಚ್ಚು ಹಾಕಿದ ಉತ್ತರ ಬರುತ್ತದೆ ಎಂದು ಕಲಿತಿದ್ದೇನೆ. ಆದ್ದರಿಂದ ಈ ಸಲ ನಾನೂ ಅಚ್ಚಿನಲ್ಲೇ ಬರೆಯುತ್ತಿದ್ದೇನೆ, ನಮ್ಮ ಈ ವಾರಪತ್ರಿಕೆಯಲ್ಲಿ. ಯಾರ ಮನೆಯ ಹಸು ಕರು ಹಾಕಿತು, ಯಾರು ಯಾರ ಮನೆಗೆ ಊಟಕ್ಕೆ ಹೋಗಿದ್ದರು ಎನ್ನುವ ಸುದ್ದಿಗಳ ನಡುವೆ ಒಂದು ಬಾಯಿಯ ಸುದ್ದಿಗೂ ಜಾಗ ಸಿಕ್ಕಿದ್ದಕ್ಕೆ ಸಂಪಾದಕರಿಗೆ ಕೃತಜ್ಞಳು.

ನಿಮ್ಮ ಫಲಕದಲ್ಲಿ ಬಹಳ ಚಿತ್ರಗಳಿವೆ. ನಾನು ಹೇಳುತ್ತಿರುವುದು ಏಳನೆಯದರ ಬಗ್ಗೆ. ‘ಅಪರೂಪದ ಆನುವಂಶಿಕ ಕಾಯಿಲೆಯೊಂದರಲ್ಲಿ ಕಂಡುಬರುವ ಹಲ್ಲು ಮತ್ತು ಮುಖದ ಲಕ್ಷಣಗಳು; ಅಮಿಶ್ ಬಾಲಕಿ, ವಯಸ್ಸು ಐದು’ ಎಂದು ಅದರ ಕೆಳಗೆ ಬರೆದಿದೆ. ಮೇಲ್ದುಟಿ ನಡುವೆ ವಸಡಿಗೆ ಅಂಟಿಕೊಂಡಿದೆ. ಮುಂದಿನ ಕೆಲವು ಹಲ್ಲುಗಳು ಇಲ್ಲ. ಇರುವ ಹಲ್ಲುಗಳು ಚಿಕ್ಕವು, ಮೊನಚು. ಒಂದೊಂದು ಲಕ್ಷಣಕ್ಕೂ ಒಂದೊಂದು ಕಪ್ಪು ಬಾಣ ಹಾಕಿ ಹೆಸರು ಬರೆದಿದ್ದೀರಿ. ಕಣ್ಣಿನ ಮೇಲೆ ಮಾತ್ರ ಅಗಲವಾದ ಒಂದು ಕಪ್ಪು ಪಟ್ಟಿ ಎಳೆದಿದ್ದೀರಿ, ಯಾರಿಗೂ ಗುರುತು ಸಿಗಬಾರದು ಎಂದು.

ಮಾನ್ಯರೇ, ಆ ಪಟ್ಟಿಯ ಬಗ್ಗೆ ಒಂದು ಮಾತು. ನಮ್ಮ ಕಣಿವೆಯಲ್ಲಿ ಕಣ್ಣು ಎಲ್ಲರದೂ ಹೆಚ್ಚುಕಡಿಮೆ ಒಂದೇ ಥರ, ತಿಳಿನೀಲಿ. ಕಣ್ಣು ನೋಡಿ ಯಾರೂ ಯಾರನ್ನೂ ಗುರುತಿಸುವುದಿಲ್ಲ. ಬಾಯಿ ನೋಡಿದರೆ ಮಾತ್ರ ಇದು ಯಾವ ಮನೆಯದು, ಅಜ್ಜಿ ಯಾವ ಕವಲಿನಿಂದ ಬಂದವಳು ಎಂದು ಐದು ತಲೆಮಾರಿನ ಕಥೆ ಹೇಳಿಬಿಡುತ್ತಾರೆ. ಮನುಷ್ಯನ ಹೆಸರನ್ನು ಮುಚ್ಚಿಟ್ಟು ಮನೆಯ ವಿಳಾಸವನ್ನು ಪ್ರಕಟಿಸಿದ ಹಾಗೆ ನಿಮ್ಮ ಪಟ್ಟಿ. ಇನ್ನು ‘ಅಪರೂಪದ’ ಎಂಬ ಪದ. ಮೂವತ್ತು ಮನೆಗಳ ನಮ್ಮ ಸಭೆಯಲ್ಲಿ ಈ ಬಾಯಿಯವರು ನಾಲ್ಕು ಜನ ಒಂದೇ ಬೆಂಚಿನಲ್ಲಿ ಕೂರುತ್ತೇವೆ. ನಮ್ಮಲ್ಲಿ ಅಪರೂಪ ಎಂದರೆ ಕೆಂಪು ಕೂದಲು. ಕೆಂಪು ಕೂದಲಿನವನು ಒಬ್ಬನಿದ್ದಾನೆ, ಅವನನ್ನು ಇದುವರೆಗೆ ಯಾರೂ ಫಲಕಕ್ಕೆ ಹಾಕಿಲ್ಲ.

ಏಪ್ರಿಲ್ ತಿಂಗಳಲ್ಲಿ ಫಲಕ ಬಂದು ಎರಡು ದಿನವಾಗಿತ್ತಷ್ಟೆ. ನಮ್ಮ ನೆರೆಯ ಮುದುಕಿ ಸಾಲೋಮಿ ಗ್ಲಿಕ್ ಅವರಿಗೆ ಹಲ್ಲು ಕೀಳಿಸಬೇಕಿತ್ತು. ಜೊತೆಗೆ ಹೋದವರು ನನ್ನ ಅಮ್ಮ ರೆಬೆಕಾ. ಅಂದು ಕೋಣೆಯಲ್ಲಿ ನಮ್ಮವರೇ ಇನ್ನೂ ಇಬ್ಬರು ಹೆಂಗಸರಿದ್ದರು. ನಡೆದದ್ದನ್ನು ನನಗೆ ಹೇಳಿದವರು ಸಾಲೋಮಿ. ದವಡೆಗೆ ಕೈ ಒತ್ತಿಕೊಂಡೇ ಸಾಲೋಮಿ ಗೋಡೆ ನೋಡಿ, “ರೆಬೆಕಾ, ಇದು ನಿಮ್ಮನೆ ಬಾಯಿ ಅಲ್ವೇನೆ?” ಎಂದರಂತೆ. ಕೂಡಲೇ ಮೂಲೆಯಲ್ಲಿದ್ದ ಆನ್ನಿ, “ನಿಮ್ಮನೇದೇ ಯಾಕಾಗಬೇಕು? ನಮ್ಮ ಈಲಂ ಚಿಕ್ಕವನಿದ್ದಾಗ ಥೇಟ್ ಹೀಗೇ ಇದ್ದ” ಎಂದರು. ಬಾಲಕಿ ಅಂತ ಬರೆದಿದೆ ಕಣೆ ಎಂದು ಸಾಲೋಮಿ ತೋರಿಸಿದ್ದಕ್ಕೆ, “ಬರೆಯೋರಿಗೇನು ಗೊತ್ತು, ಅವರು ಬಾಯಿ ಮಾತ್ರ ನೋಡಿರೋದು” ಎಂದು ಉತ್ತರ. ಈ ಚರ್ಚೆಯಲ್ಲಿ ಸಾಲೋಮಿಗೆ ಹಲ್ಲುನೋವೇ ಮರೆತುಹೋಗಿ, ಕೀಳಿಸದೆ ಮನೆಗೆ ಬಂದರು. ನಿಮ್ಮ ಫಲಕದಿಂದ ಒಬ್ಬ ರೋಗಿಗಾದರೂ ಉಪಶಮನ ಸಿಕ್ಕಿತು ಎಂದು ದಾಖಲಿಸಿಕೊಳ್ಳಬಹುದು.

ಅಮ್ಮ ಅಂದು ಬಾಯಿ ಬಿಡಲಿಲ್ಲ. ಆದರೆ ಮುಂದಿನ ಗುರುವಾರ ತಮಗೇ ಹಲ್ಲುನೋವು ಎಂದು ಗಾಡಿಗೆ ಕುದುರೆ ಕಟ್ಟಿಸಿಕೊಂಡು ಹೊರಟರು. ಅದರ ಮುಂದಿನ ಗುರುವಾರವೂ ಹೊರಟರು. ಮೇ ಮುಗಿದರೂ ಒಂದು ಗುರುವಾರವೂ ತಪ್ಪಲಿಲ್ಲ. ಇದರಲ್ಲಿ ವಿಶೇಷವೇನೆಂದರೆ, ಅಮ್ಮನ ಬಾಯಿಯಲ್ಲಿ ಅವರದೇ ಎನ್ನಬಹುದಾದ ಹಲ್ಲು ಒಂದೂ ಇಲ್ಲ. ನಮ್ಮಲ್ಲಿ ಕೆಲವರು ಮಾಡುವಂತೆ ಅವರೂ ಮದುವೆಗೆ ಮೊದಲೇ ಎಲ್ಲ ಹಲ್ಲುಗಳನ್ನೂ ಕೀಳಿಸಿ, ಮೇಲೊಂದು ಕೆಳಗೊಂದು ಸಾಲು ಕಟ್ಟಿಸಿಕೊಂಡವರು. ಮೂವತ್ತು ವರ್ಷಗಳಿಂದ ಆ ಹಲ್ಲುಗಳು ರಾತ್ರಿ ಲೋಟದಲ್ಲಿ ಮಲಗುತ್ತವೆ. ದಂತವೈದ್ಯರು ಸಜ್ಜನರು. ಮೊದಲೆರಡು ವಾರ ಆ ಕಟ್ಟು ಹಲ್ಲನ್ನೇ ತಿರುಗಿಸಿ ಮುರುಗಿಸಿ ನೋಡಿದರು. ಮೂರನೆಯ ವಾರ, ತಾಯೀ, ನೋಯುವುದಕ್ಕೆ ನಿಮಗೆ ಹಲ್ಲೇ ಇಲ್ಲವಲ್ಲ ಎಂದು ಬಹಳ ಸಂಕೋಚದಿಂದ ಹೇಳಿದರು. ಅದಕ್ಕೆ ಅಮ್ಮ, “ಇದ್ದ ಜಾಗ ನೋಯುತ್ತೆ” ಎಂದರು. ಆಮೇಲೆ ಅವರು, ಅಮ್ಮ ಬಂದರೆ ಕೊನೆಯವರಾಗಿ ಕರೆಯುವಂತೆ ಸಹಾಯಕಿಗೆ ಹೇಳಿದರು, ಇನ್ನಷ್ಟು ಹೊತ್ತು ಕಾಯುವ ಕೋಣೆಯಲ್ಲೇ ಕೂರಲಿ ಎಂದು. ಓದಿದವರಲ್ಲೂ ಹೀಗೆ ಅರ್ಥ ಮಾಡಿಕೊಳ್ಳುವವರಿದ್ದಾರೆ ಎಂದು ತಿಳಿಸುವುದಕ್ಕಾಗಿ ಇದನ್ನು ಬರೆದೆ. ಯಾರನ್ನೂ ಚುಚ್ಚುವುದಕ್ಕಲ್ಲ. ಸ್ವಲ್ಪ ಚುಚ್ಚುವುದಕ್ಕೂ ಹೌದು.

ನೀವು ಊಹಿಸಿರುತ್ತೀರಿ. ನನಗೆ ಫೀಬಿ ಎಂಬ ತಂಗಿ ಇದ್ದಳು, ನನಗಿಂತ ಎರಡು ವರ್ಷ ಚಿಕ್ಕವಳು. ಇಬ್ಬರೂ ಇದೇ ಬಾಯಿಯವರು. ಇಬ್ಬರೂ ಗಿಡ್ಡ, ಇಬ್ಬರಿಗೂ ಕೈಯಲ್ಲಿ ಆರಾರು ಬೆರಳು, ಇಬ್ಬರೂ ಹುಟ್ಟುವಾಗಲೇ ಎರಡೆರಡು ಹಲ್ಲು ತಂದವರು. ಆದರೆ ಅವಳ ಹೃದಯದಲ್ಲಿ ರಂಧ್ರವಿತ್ತು, ನನ್ನದರಲ್ಲಿ ಇರಲಿಲ್ಲ. ಆರು ತುಂಬಿದ ಚಳಿಗಾಲದಲ್ಲಿ ಅವಳು ತೀರಿಕೊಂಡಳು. ಹದಿನಾಲ್ಕು ವರ್ಷವಾಯಿತು. ನಮ್ಮ ಧರ್ಮದ ನಿಯಮದಂತೆ ನಾವು ಫೋಟೋ ತೆಗೆಸುವವರಲ್ಲ, ಇಟ್ಟುಕೊಳ್ಳುವವರೂ ಅಲ್ಲ. ಅದು ನಿಮಗೆ ಗೊತ್ತು, ನಿಮ್ಮ ಪತ್ರದಲ್ಲಿ ಅದರ ಬಗ್ಗೆಯೇ ಒಂದು ಇಡೀ ಪರಿಚ್ಛೇದವಿದೆ. ಹಾಗಾಗಿ ಫೀಬಿ ಹೇಗಿದ್ದಳು ಎನ್ನುವುದು ನಮ್ಮ ಮನೆಯಲ್ಲಿ ಐದು ಜನರ ನೆನಪಿನಲ್ಲಿತ್ತು. ಅಜ್ಜ ಹೋದ ಮೇಲೆ ನಾಲ್ಕು. ನೆನಪು ಎನ್ನುವುದು ಹೊಲಿದಿಟ್ಟ ಕೌದಿಯಲ್ಲ, ಒಗೆದಷ್ಟೂ ಬಣ್ಣ ಬಿಡುವ ಬಟ್ಟೆ. ನನಗೆ ಅವಳ ನಗು ನೆನಪಿದೆ, ಸ್ವರ ಮರೆತಿದೆ.

ಅಮ್ಮನ ಗುರುವಾರಗಳ ಸುದ್ದಿ ಊರಲ್ಲಿ ಹರಡದೆ ಇರುತ್ತದೆಯೇ? ರೆಬೆಕಾ ಚಿತ್ರವೊಂದನ್ನು ನೋಡಲು ಹೋಗುತ್ತಾಳೆ ಎಂದು ಯಾರೋ ಸಭೆಯ ಹಿರಿಯರ ಕಿವಿಗೆ ಹಾಕಿದರು. ಹಿರಿಯರು ಮನೆಗೆ ಬಂದು ಕಾಫಿ ಕುಡಿದು, ಜೋಳದ ಬಿತ್ತನೆಯ ಬಗ್ಗೆ ಅಪ್ಪನ ಹತ್ತಿರ ಮುಕ್ಕಾಲು ಗಂಟೆ ಮಾತಾಡಿ, ಕೊನೆಗೆ ಹಲ್ಲುನೋವು ಹೇಗಿದೆ ಎಂದು ಅಮ್ಮನನ್ನು ಕೇಳಿದರು. ಹಾಗೇ ಇದೆ ಎಂದರು ಅಮ್ಮ. ಮರುದಿನ ಹಿರಿಯರೇ ಪೇಟೆಗೆ ಹೋಗಿ ಬಂದರು. ಭಾನುವಾರ ಕೇಳಿದವರಿಗೆಲ್ಲ ಅವರು ಹೇಳಿದ್ದು ಇಷ್ಟು: “ನನಗಂತೂ ಅಲ್ಲಿ ಚಿತ್ರ ಅಂತ ಏನೂ ಕಾಣ್ಲಿಲ್ಲಪ್ಪ. ಒಂದು ಬಾಯಿ ಇತ್ತು.” ಅಲ್ಲಿಗೆ ವಿಚಾರಣೆ ಮುಗಿಯಿತು. ನಮ್ಮ ನಿಯಮಗಳು ಬಿಗಿ ಎಂದು ಹೊರಗಿನವರು ಹೇಳುತ್ತಾರೆ. ಹೌದು, ಬಿಗಿಯೇ. ಆದರೆ ಅವುಗಳನ್ನು ಕಾಯುವವರಿಗೆ ಯಾವಾಗ ಬೇರೆ ಕಡೆ ನೋಡಬೇಕು ಎಂದು ಗೊತ್ತಿದೆ. ನಿಮ್ಮ ನಿಯಮಗಳಿಗೆ ಅಂಥ ಕಾವಲುಗಾರರು ಇದ್ದಾರೆಯೇ?

ಒಂದು ಗುರುವಾರ ನಾನೇ ಅಮ್ಮನ ಜೊತೆ ಹೋದೆ. ಅಪರಿಚಿತರ ನಡುವೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕೂರುವುದು ನನ್ನ ಅಭ್ಯಾಸ; ಅಲ್ಲಿ ಗೋಡೆಯ ಮೇಲೆ ಅದೇ ಬಾಯಿ ತಟ್ಟೆಯಷ್ಟು ದೊಡ್ಡದಾಗಿ ನಾಚಿಕೆಯಿಲ್ಲದೆ ತೆರೆದುಕೊಂಡಿತ್ತು. ಬರುವಾಗ ಗಾಡಿಯಲ್ಲಿ ಅಮ್ಮನನ್ನು ಕೇಳಿದೆ, ನೋಡಲೇಬೇಕು ಅಂದರೆ ಮನೆಯಲ್ಲೇ ನನ್ನ ಬಾಯಿ ಇದೆಯಲ್ಲ, ಅದಕ್ಕಾಗಿ ಇಷ್ಟು ದೂರ ಕುದುರೆ ಓಡಿಸಬೇಕೇ ಎಂದು. ಅಮ್ಮ ಲಗಾಮು ಸಡಿಲ ಬಿಟ್ಟು ಹೇಳಿದರು, “ನಿನ್ನದು ಬೆಳೆದುಬಿಡ್ತಲ್ಲೇ.”

ಅಂದೇ ನಾನು ನಿಮಗೆ ಮೊದಲ ಪತ್ರ ಬರೆದೆ. ತಪ್ಪು ನನ್ನದೂ ಇದೆ, ಒಪ್ಪುತ್ತೇನೆ. ಎಂಟನೇ ತರಗತಿಗೆ ಶಾಲೆ ಬಿಟ್ಟು ಕೌದಿ ಹೊಲಿಯುವವಳು ನಾನು. ದೊಡ್ಡವರಿಗೆ ಬರೆಯುವಾಗ ಮೊದಲು ತಗ್ಗಬೇಕು ಎಂದು ನಮಗೆ ಕಲಿಸಿದ್ದಾರೆ. ಹಾಗಾಗಿ ಹಾಳೆಯ ಮುಂಬದಿ ಪೂರ್ತಿ ತಗ್ಗುವುದರಲ್ಲೇ ಕಳೆಯಿತು: ನಾವು ಚಿತ್ರ ಇಟ್ಟುಕೊಳ್ಳದ ಜನ, ಚಿತ್ರದ ಬಗ್ಗೆ ಕೇಳುತ್ತಿರುವುದು ತಪ್ಪಾದರೆ ಮನ್ನಿಸಿ, ನಿಮ್ಮ ಅಮೂಲ್ಯ ಸಮಯ ಹಾಳು ಮಾಡುತ್ತಿದ್ದೇನೆ, ಇತ್ಯಾದಿ. ಪ್ರಶ್ನೆಗೆ ಜಾಗ ಸಿಕ್ಕಿದ್ದು ಹಿಂಬದಿಯಲ್ಲಿ. ನಿಮ್ಮ ಕಚೇರಿ ಮುಂಬದಿಯನ್ನು ದೂರು ಎಂದು ಓದಿಕೊಂಡು, ಫಲಕ ಇಳಿಸುವ ಆದೇಶ ಹೊರಡಿಸಿತು. ಹಿಂಬದಿಗೆ ಒಂದೇ ಸಾಲಿನ ಉತ್ತರ: ‘ರೋಗಿಯ ಖಾಸಗಿತನದ ಹಿತದೃಷ್ಟಿಯಿಂದ ಗುರುತನ್ನಾಗಲಿ, ಚಿತ್ರ ತೆಗೆದ ವರ್ಷವನ್ನಾಗಲಿ ತಿಳಿಸಲಾಗುವುದಿಲ್ಲ.’

ಮಾನ್ಯರೇ, ಖಾಸಗಿತನ ಎನ್ನುವುದು ಒಳ್ಳೆಯ ಪದ. ನಮಗೂ ಇಷ್ಟವಾದ ವಿಷಯ. ಆದರೆ ನಿಮ್ಮ ಖಾಸಗಿತನದ ದಾರಿ ನನಗೆ ತಿಳಿಯುತ್ತಿಲ್ಲ. ನಿಮ್ಮ ವಿದ್ಯಾರ್ಥಿಗಳು ಆ ಬಾಯಿಯನ್ನು ನೋಡಬಹುದು. ಬೇರೆ ರಾಜ್ಯದ ದಂತವೈದ್ಯರು ನೋಡಬಹುದು. ಹುಳುಕು ತುಂಬಿಸಿಕೊಳ್ಳಲು ಬಂದ ಲಾರಿ ಚಾಲಕರು, ತಮ್ಮ ಸರದಿ ಬರುವವರೆಗೆ ಬೇಸರ ಕಳೆಯಲು, ಅದನ್ನು ನೋಡಿ ಆಕಳಿಸಬಹುದು. ಜಗತ್ತಿನಲ್ಲಿ ಒಬ್ಬರಿಗೆ ಮಾತ್ರ ಅದು ಯಾರದೆಂದು ಹೇಳಬಾರದು, ಆ ಬಾಯಿಗೆ ಹಾಲು ಕುಡಿಸಿದವರಿಗೆ. ಆ ಐದು ವರ್ಷದ ಬಾಲಕಿಯನ್ನು ಯಾರಿಂದ ಕಾಪಾಡುತ್ತಿದ್ದೀರಿ? ಅವಳ ಅಮ್ಮನಿಂದಲೇ? ಚಿತ್ರ ತೆಗೆಯಲು ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದವರೂ ಅಮ್ಮನೇ. ಬೇರೆ ಮಕ್ಕಳಿಗೆ ಉಪಯೋಗವಾಗುತ್ತದೆ ಎಂದು ವೈದ್ಯರು ಹೇಳಿದ್ದಕ್ಕೆ, ಸಭೆಯಲ್ಲಿ ಯಾರಿಗೂ ಹೇಳದೆ ಒಪ್ಪಿದರಂತೆ. ಅದಕ್ಕೆ ಅವರಿಗೆ ಈಗಲೂ ಪಶ್ಚಾತ್ತಾಪವಿಲ್ಲ. “ಬೇರೆಯವರಿಗೆ ತೋರ್ಸಿ ಅಂದಿದ್ದೆ, ನನಗೆ ತೋರಿಸ್ಬೇಡಿ ಅಂದಿರಲಿಲ್ಲ” ಎನ್ನುತ್ತಾರೆ.

ಹಾಗಾದರೆ ಅದು ಫೀಬಿಯೇ ಎಂದು ನಮಗೇಕೆ ಖಚಿತವಿಲ್ಲ ಎಂದು ನೀವು ಕೇಳಬಹುದು. ಇಲ್ಲಿಯೇ ತೊಡಕಿರುವುದು. ಅಮ್ಮ ಎರಡು ಸಲ ಸಹಿ ಹಾಕಿದ್ದಾರೆ. ನನಗೆ ಐದು ವರ್ಷವಾದಾಗ ನನ್ನನ್ನು ನಿಮ್ಮಲ್ಲಿಗೆ ಕರೆತಂದರು. ಫೀಬಿಗೆ ಐದಾದಾಗ ಅವಳನ್ನು. ಎರಡೂ ಸಲ ಬಾಯಿಯ ಚಿತ್ರ ತೆಗೆದರು. ನಿಮ್ಮ ಚಿತ್ರದಲ್ಲಿ ಕೊರಳ ಬಳಿ ಒಂದು ಬೆರಳಿನಷ್ಟು ನೀಲಿ ಬಟ್ಟೆ ಕಾಣುತ್ತದೆ. ಅದರಿಂದಲೂ ಪ್ರಯೋಜನವಿಲ್ಲ, ಏಕೆಂದರೆ ನನಗೆ ಚಿಕ್ಕದಾದ ಅಂಗಿಯನ್ನೇ ಎರಡು ವರ್ಷ ಬಿಟ್ಟು ಅವಳಿಗೆ ತೊಡಿಸಿದ್ದು. ಬಾಯಿ ಒಂದೇ, ಅಂಗಿ ಒಂದೇ, ವಯಸ್ಸು ಒಂದೇ. ಉಳಿದ ವ್ಯತ್ಯಾಸವೇನಾದರೂ ಕಣ್ಣಿನಲ್ಲಿ ಇದ್ದಿದ್ದರೆ, ಅದರ ಮೇಲೆ ನಿಮ್ಮ ಪಟ್ಟಿ ಕೂತಿದೆ. ಹಾಗಾಗಿ ಇಲ್ಲಿ ಬದುಕಿ ಕೌದಿ ಹೊಲಿಯುತ್ತಿರುವ ನನ್ನನ್ನು ನೋಡಿಯೇ ಅಮ್ಮ ಪ್ರತಿ ಗುರುವಾರ ಪೇಟೆಯಲ್ಲಿ ಕಣ್ಣೊರೆಸಿಕೊಂಡು, ಸಂಜೆ ಮನೆಗೆ ಬಂದು ನನಗೆ ಆಲೂಗಡ್ಡೆ ಸುಲಿಯಲು ಹೇಳುತ್ತಿರುವ ಸಾಧ್ಯತೆಯೂ ಇದೆ.

ಆದರೆ ಒಂದು ವ್ಯತ್ಯಾಸ ಇದ್ದೇ ಇದೆ. ಚೆರ್ರಿ ಹಣ್ಣಿನ ಕಾಲದಲ್ಲಿ ಸೀಸೆಗಳಿಗೆ ತುಂಬಲು ನಾವೆಲ್ಲ ಕೂತು ಹಣ್ಣಿನ ಬೀಜ ತೆಗೆಯುತ್ತೇವೆ, ಕೂದಲಿನ ಪಿನ್ನಿನಿಂದ ಚುಚ್ಚಿ. ಫೀಬಿಗೆ ಪಿನ್ನು ಬೇಕಿರಲಿಲ್ಲ. ನೀವು ಬಾಣ ಹಾಕಿ ‘ಶಂಕುವಿನಾಕಾರದ ವಿರೂಪ ದಂತ’ ಎಂದು ಬರೆದಿದ್ದೀರಲ್ಲ, ಅದೇ ಹಲ್ಲಿನಿಂದ ಒಂದು ಸಲ ಕಚ್ಚಿ ನಾಲಿಗೆಯಿಂದ ತಳ್ಳಿದರೆ ಬೀಜ ಬೋಗುಣಿಗೆ ಬೀಳುತ್ತಿತ್ತು. ದೊಡ್ಡವರು ಒಂದು ಹಣ್ಣು ಮುಗಿಸುವುದರಲ್ಲಿ ಅವಳು ಮೂರು ಮುಗಿಸುತ್ತಿದ್ದಳು, ನಾಲ್ಕನೆಯದನ್ನು ನುಂಗುತ್ತಿದ್ದಳು. ನಿಮ್ಮಲ್ಲಿಗೆ ಬರುವ ಹಿಂದಿನ ತಿಂಗಳು ಅಜ್ಜ ಅವಳನ್ನು ಕೆಣಕಿದರು: “ಹಣ್ಣು ಯಾರಾದರೂ ಕಚ್ತಾರೆ. ಬೀಜ ಒಡೆಯೇ ನೋಡೋಣ.” ಅವಳು ಒಡೆದೇಬಿಟ್ಟಳು. ಬೀಜದ ಜೊತೆ ಹಲ್ಲಿನ ಮೂಲೆಯೂ ಹೋಯಿತು, ಕೆಳಸಾಲಿನ ಎಡಗಡೆಯ ಎರಡನೆಯ ಹಲ್ಲು. ಅತ್ತದ್ದು ಅಜ್ಜ. ಅವಳು ಕನ್ನಡಿ ಕೇಳಿದಳು. ನನ್ನ ಅದೇ ಹಾಲುಹಲ್ಲು ತಾನಾಗಿ ಬೀಳುವವರೆಗೂ ಇಡಿಯಾಗಿತ್ತು. ನನಗೆ ಅಂಥ ಧೈರ್ಯ ಯಾವತ್ತೂ ಇರಲಿಲ್ಲ.

ಇಷ್ಟಿದ್ದರೆ ಚಿತ್ರದಲ್ಲಿ ಆ ಹಲ್ಲು ನೋಡಿದರೆ ಮುಗಿಯಿತಲ್ಲ? ನೋಡಿದೆವು. ಅಮ್ಮ ಅಜ್ಜನ ಓದುವ ಭೂತಗನ್ನಡಿಯನ್ನು ಏಪ್ರನ್ನಿನಲ್ಲಿ ಸುತ್ತಿ ತಂದು, ಇಂಗ್ಲಿಷರ (ನಮ್ಮವರಲ್ಲದವರನ್ನೆಲ್ಲ ನಾವು ಹಾಗೆ ಕರೆಯುತ್ತೇವೆ) ಎದುರಿಗೆ ಕುರ್ಚಿ ಹತ್ತಿ ನೋಡಿದರು. ನಿಮ್ಮ ಬಾಣದ ತುದಿ ಸರಿಯಾಗಿ ಅದೇ ಹಲ್ಲಿನ ಮೂಲೆಯ ಮೇಲೆ ಕೂತಿದೆ. ಬಾಯಿಯಲ್ಲಿ ಅಷ್ಟು ಹಲ್ಲುಗಳಿದ್ದರೂ ನಿಮ್ಮವರಿಗೆ ತೋರಿಸಲು ಸಿಕ್ಕಿದ್ದು ಅದೊಂದೇ. ತೋರಿಸುವುದಕ್ಕೆಂದು ಹಾಕಿದ ಬಾಣದಿಂದಲೇ ಅದನ್ನು ಮುಚ್ಚಿದ ನಿಮ್ಮ ಕುಶಲತೆಗೆ ನಾನು ತಲೆಬಾಗುತ್ತೇನೆ.

ಈ ಪತ್ರ ಬರೆಯಲು ಕೂರುವ ಮೊದಲು ಅಮ್ಮನ ಅನುಮತಿ ಕೇಳಬೇಕಿತ್ತು. ಎಷ್ಟಾದರೂ ಊರೆಲ್ಲ ಓದುವ ಪತ್ರಿಕೆ. ಅಮ್ಮ ಬಟಾಣಿ ಬಿಡಿಸುತ್ತಿದ್ದರು. ನನಗೆ ಒಳಗೊಳಗೇ ಒಂದು ಹೆದರಿಕೆ ಇತ್ತು. ಈಗ ಅವರಿಗೆ ವಾರಕ್ಕೊಮ್ಮೆಯಾದರೂ ಫೀಬಿ ಇದ್ದಾಳೆ. ಹಲ್ಲು ಇಡಿಯಾಗಿದೆ ಎಂದು ನೀವು ಬರೆದುಬಿಟ್ಟರೆ ಅವಳು ಇನ್ನೊಂದು ಸಲ ಹೋದ ಹಾಗಾಗುತ್ತದೆ, ಅದೂ ನನ್ನಿಂದಾಗಿ. ಎರಡು ಸಲ ಬಾಯಿ ತೆರೆದು ಮುಚ್ಚಿ, ಕೊನೆಗೆ ಕೇಳಿದೆ: “ಅಮ್ಮಾ, ಅದು ನಾನೇ ಆಗಿದ್ದರೆ?”

ಅಮ್ಮನ ಬೆರಳು ನಿಲ್ಲಲಿಲ್ಲ. ನಾಲ್ಕೈದು ಸಿಪ್ಪೆ ಬಿದ್ದ ಮೇಲೆ ಹೇಳಿದರು:

“ನೀನೇ ಆಗಿದ್ರೆ, ಐದು ವರ್ಷಕ್ಕೆ ನೀನು ಹೇಗಿದ್ದೆ ಅಂತ ಈಗಲಾದರೂ ನೋಡಿದ ಹಾಗಾಯ್ತು. ಅವತ್ತು ನಿನ್ನ ಒಳಗೆ ಕರ್ಕೊಂಡು ಹೋದಾಗ ನಾನು ಹೊರಗೆ ಫೀಬಿನ ಎತ್ಕೊಂಡು ಕೂತಿದ್ದೆ. ಆ ವರ್ಷ ಪೂರ್ತಿ ಅವಳ ಉಸಿರು ಎಣಿಸ್ತಾ ಇದ್ದೆ. ನಿನ್ನ ಕಡೆ ಸರಿಯಾಗಿ ನೋಡಲೇ ಇಲ್ಲ ಕಣೆ, ಸವಿಲ್ಲಾ. ಬರಿ. ಯಾರದಾದರೂ ಆಗಲಿ, ಯಾರದು ಅಂತ ತಿಳ್ಕೊಂಡು ನೋಡ್ತೀನಿ.”

ನಾನು ಬಟಾಣಿಯ ಬುಟ್ಟಿಯನ್ನು ನನ್ನ ಕಡೆ ಎಳೆದುಕೊಂಡು ಬಿಡಿಸತೊಡಗಿದೆ.

ಆದ್ದರಿಂದ, ಮಾನ್ಯರೇ, ಈ ಸಲ ಪ್ರಶ್ನೆಯನ್ನು ಹಿಂಬದಿಗೆ ತಳ್ಳದೆ ಇಲ್ಲಿಯೇ ಕೇಳುತ್ತೇನೆ. ನಮಗೆ ಹೆಸರು ಬೇಡ, ವರ್ಷ ಬೇಡ. ಚಿತ್ರದ ಪ್ರತಿಯಂತೂ ಬೇಡ, ಅದನ್ನು ಇಡಲು ನಮ್ಮಲ್ಲಿ ಗೋಡೆಯಿಲ್ಲ. ಬಾಣ ಹಾಕುವುದಕ್ಕೆ ಮೊದಲಿನ ಮೂಲ ಚಿತ್ರ ನಿಮ್ಮ ಕಪಾಟಿನಲ್ಲಿ ಎಲ್ಲೋ ಇರಲೇಬೇಕು. ಯಾರಾದರೊಬ್ಬರು ಅದನ್ನು ತೆಗೆದು, ಕೆಳಸಾಲಿನ ಎಡಗಡೆಯ ಎರಡನೆಯ ಹಲ್ಲಿನ ಮೂಲೆ ನೋಡಿ, ‘ಮುರಿದಿದೆ’ ಅಥವಾ ‘ಇಡಿಯಾಗಿದೆ’ ಎಂದು ಒಂದೇ ಪದ ಬರೆದು ಕಳುಹಿಸಬೇಕು. ಎಡಗಡೆ ಎಂದರೆ ಆ ಹುಡುಗಿಯ ಎಡಗಡೆ, ನೋಡುವವರದಲ್ಲ. ಒಂದು ಹಲ್ಲಿನ ಮೂಲೆಯಿಂದ ಯಾವ ರೋಗಿಯ ಖಾಸಗಿತನವೂ ಕುಸಿದು ಬೀಳಲಾರದು. ಆ ಪದ ಬರುವವರೆಗೆ ಫಲಕ ಇರುವಲ್ಲೇ ಇರಲಿ. ಬಂದ ಮೇಲೆ ಅಮ್ಮನಿಗೆ ಇನ್ನೂ ಒಂದು ಗುರುವಾರ ಕೊಡಿ. ಆಮೇಲೆ ನಿಮ್ಮ ಕೈಯಿಂದ ಬಿಡಿಸಿದ ಚಿತ್ರವನ್ನು ಧಾರಾಳವಾಗಿ ತೂಗುಹಾಕಿ; ಅದರ ಬಾಯಿ ಯಾರದೆಂದು ಕೇಳಿ ನಾವು ತೊಂದರೆ ಕೊಡುವುದಿಲ್ಲ.

ಉತ್ತರವನ್ನು ಅಮ್ಮನ ಹೆಸರಿಗೇ ಕಳುಹಿಸಿ. ಯಾವ ಪದವಾದರೂ ಲಕೋಟೆ ಒಡೆಯುವವರು ಅವರೇ. ನಾನು ಪಕ್ಕದಲ್ಲಿ ಕೂತಿರುತ್ತೇನೆ, ಬಾಯಿಗೆ ಕೈ ಅಡ್ಡ ಇಡದೆ.

ಇಂತಿ,
ನಿಮ್ಮ ಸಂಗ್ರಹದಲ್ಲಿರುವ ಇಬ್ಬರು ಹುಡುಗಿಯರಲ್ಲಿ ಒಬ್ಬಳು,
ಯಾರೆಂದು ತನಗಿಂತ ನಿಮಗೇ ಚೆನ್ನಾಗಿ ಗೊತ್ತಿರುವವಳು,
ಸವಿಲ್ಲಾ ಪೀಟರ್‌ಶೈಮ್
ಪೆನ್ಸಿಲ್ವೇನಿಯಾ